ನೀವು ಆರಿಸುವುದಲ್ಲ ಸ್ವಾಮೀ, ನಾವು ಆರಿಸುವುದು!

ಬಡ್ತಿ ಸಿಕ್ಕಿರಬಹುದು, ಊರಿನ ಸೈಟು ಮಾರಿ ನಾಲ್ಕು ಕಾಸು ಬಂದಿರಬಹುದು, ಸುಮ್ಮನೆ ನಲವತ್ತು ತುಂಬಿರಬಹುದು. ‘ಜೀವಮಾನಕ್ಕೊಂದು ಒಳ್ಳೆ ವಾಚು ತಗೋಬೇಕು’ ಎಂಬ ಆಸೆ ಹುಟ್ಟಿದ ಬೆಂಗಳೂರಿನ ಗಂಡಸು ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಬಂದು ನಿಲ್ಲುವುದು ಸ್ಟೀಲ್ ಸ್ಪೋರ್ಟ್ಸ್ ವಾಚಿನ ಮುಂದೆಯೇ. ಚಿನ್ನದ್ದು ಕಟ್ಟಿದರೆ ಮಾವ ಕೊಡಿಸಿದ್ದು ಅನ್ನುತ್ತಾರೆ. ಬೆಲ್ಟಿನದ್ದು ಬೆವರಿಗೆ ನಾರುತ್ತದೆ. ಸ್ಟೀಲ್ ಚೈನಿನದ್ದಾದರೆ ಆಫೀಸಿಗೂ ಆಯಿತು, ಆರತಕ್ಷತೆಗೂ ಆಯಿತು. ಆದರೆ ಯಾವುದನ್ನು ಕೊಳ್ಳುವುದು? ತಿಳಿದವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಆದ್ದರಿಂದ ವಾಚನ್ನೇ ಕೇಳಿಬಿಡೋಣವೆಂದು, ನಗರದ ಮಳಿಗೆಯೊಂದರಲ್ಲಿ ಚರ್ಮದ ದಿಂಬಿಗೆ ಒರಗಿ ಕೂತಿದ್ದ ಸ್ವಿಸ್ ಮೂಲದ ವಾಚೊಂದನ್ನು ಮಾತಿಗೆಳೆದೆವು. ಕಂಪನಿಯ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಅದು ಒಪ್ಪಿತು. ‘ನಮ್ಮ ವಕೀಲರು ನನಗಿಂತ ನಿಖರ’ ಎಂಬುದು ಅದು ಕೊಟ್ಟ ಕಾರಣ.

ನಾವು: ನಮಸ್ಕಾರ. ಈಗ ಮಧ್ಯಾಹ್ನ ಮೂರು ಗಂಟೆ. ನೀವು ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದೀರಿ?

ವಾಚು: ನಿಂತಿದ್ದೇನೆ ಸ್ವಾಮೀ. ಕೆಟ್ಟು ನಿಂತದ್ದಲ್ಲ, ನಿಲ್ಲಿಸಿದ್ದಾರೆ. ಮುಳ್ಳುಗಳು ಹತ್ತೂ ಹತ್ತರಲ್ಲಿದ್ದರೆ ಕಂಪನಿಯ ಹೆಸರು ಮುಚ್ಚಿಹೋಗುವುದಿಲ್ಲ, ಮುಖವೂ ನಕ್ಕಂತೆ ಕಾಣುತ್ತದೆ. ಗಂಟೆ ನೋಡಲು ನಿಮ್ಮ ಜೇಬಿನಲ್ಲಿ ಫೋನಿದೆಯಲ್ಲ! ನನ್ನ ಮುಂದೆ ನಿಂತವರು ಗಂಟೆ ಎಷ್ಟು ಎಂದು ಕೇಳಿದ್ದೇ ಇಲ್ಲ. ಎಲ್ಲರೂ ಕೇಳುವುದು ರೇಟೆಷ್ಟು ಎಂದು.

ನಾವು: ರೇಟಿನ ಮಾತೇ ಆಡೋಣ. ನಮ್ಮ ಮನೆಯ ಇಡ್ಲಿ ಪಾತ್ರೆಯೂ ಸ್ಟೀಲೇ. ಅದಕ್ಕಿಲ್ಲದ ಬೆಲೆ ನಿಮಗೆ ಹೇಗೆ ಬಂತು?

ವಾಚು: ಇಡ್ಲಿ ಪಾತ್ರೆಗೆ ಕಥೆಯಿಲ್ಲ. ನಮ್ಮವರಲ್ಲಿ ಹೆಚ್ಚಿನವರದು 316ಎಲ್ ಎಂಬ ಉಕ್ಕು. ಉಪ್ಪುನೀರಿಗೆ ಅಷ್ಟು ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ. ರೋಲೆಕ್ಸ್ ಮನೆಯವರು 904ಎಲ್ ಎಂಬ, ತುಕ್ಕಿಗೆ ಇನ್ನೂ ಜಗ್ಗದ ಜಾತಿಯದನ್ನು ತಂದು, ಅದಕ್ಕೆ ‘ಆಯ್ಸ್ಟರ್ ಸ್ಟೀಲ್’ ಎಂದು ನಾಮಕರಣವನ್ನೂ ಮಾಡಿದ್ದಾರೆ. ಹೆಸರು ಏನೇ ಇರಲಿ, ಒಳಗಿರುವುದು ಕಬ್ಬಿಣ, ಕ್ರೋಮಿಯಂ, ನಿಕ್ಕಲ್. ನೀವು ಕೊಡುವ ದುಡ್ಡಿನಲ್ಲಿ ಲೋಹಕ್ಕೆ ಹೋಗುವುದು ಚಿಲ್ಲರೆ, ಕೆಲಸಕ್ಕೆ ಸ್ವಲ್ಪ, ಉಳಿದದ್ದೆಲ್ಲ ಕಥೆಗೆ.

ನಾವು: ಆ ಕಥೆ ಎಲ್ಲಿಂದ ಶುರುವಾಯಿತು?

ವಾಚು: ನಮ್ಮ ಕುಲದ ಹಿರಿಯರು ಕೂಲಿಯವರು. 1953ರಲ್ಲಿ ಬಂದ ರೋಲೆಕ್ಸ್ ಸಬ್‌ಮರೀನರ್ ಮುಳುಗುಗಾರರಿಗೆ, 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಕಾರ್ ರೇಸಿನವರಿಗೆ. ಉಕ್ಕು ಕೆಲಸದವರ ಲೋಹ, ಚಿನ್ನ ಯಜಮಾನರದ್ದು. ಈ ವರ್ಣಾಶ್ರಮ ಮುರಿದದ್ದು 1972ರಲ್ಲಿ. ಓಡೆಮಾರ್ ಪಿಗೆ ಎಂಬ ಹಳೆಯ ಮನೆತನ ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರನಿಗೆ ಒಂದು ಸಂಜೆ ಫೋನು ಮಾಡಿ, ಹಿಂದೆಂದೂ ಇರದಂಥ ಸ್ಟೀಲ್ ವಾಚಿನ ಚಿತ್ರ ನಾಳೆ ಬೆಳಿಗ್ಗೆಯೇ ಬೇಕು ಅಂದಿತಂತೆ. ಆತ ರಾತ್ರಿ ಕೂತು ಮುಳುಗುಗಾರನ ಶಿರಸ್ತ್ರಾಣದ ಹಾಗೆ ಎಂಟು ಮೂಲೆ, ಎಂಟು ಸ್ಕ್ರೂ ಬರೆದುಕೊಟ್ಟ. ಅದೇ ರಾಯಲ್ ಓಕ್. ಬೆಲೆ 3,300 ಸ್ವಿಸ್ ಫ್ರಾಂಕ್. ಆ ಕಾಲಕ್ಕೆ ಚಿನ್ನದ ವಾಚು ಕೊಳ್ಳುವಷ್ಟು ಹಣ. ಎದ್ದು ಕಾಣುವ ಆ ಎಂಟು ಸ್ಕ್ರೂಗಳು ಮಾತ್ರ ಬಿಳಿ ಚಿನ್ನದವು. ಮುಂದಿನಿಂದ ತಿರುಗಿಸಲು ಹೋದರೆ ತಿರುಗುವುದೂ ಇಲ್ಲ. ನಮ್ಮ ಸರಳತೆಯೆಲ್ಲ ಈ ಬಗೆಯದ್ದು.

ನಾವು: ಜನ ಒಪ್ಪಿಕೊಂಡರೇ?

ವಾಚು: ಮೊದಮೊದಲು ಮೂಗು ಮುರಿದರು. ಆಮೇಲೆ 1976ರಲ್ಲಿ ಪಾಟೆಕ್ ಫಿಲಿಪ್ ಅದೇ ಜೆಂಟಾನ ಕೈಯಲ್ಲಿ ನಾಟಿಲಸ್ ಬರೆಸಿ, ಜಗತ್ತಿನ ದುಬಾರಿ ವಾಚುಗಳಲ್ಲೊಂದು ಸ್ಟೀಲಿನದ್ದು ಎಂದು ಜಾಹೀರಾತನ್ನೇ ಕೊಟ್ಟಿತು. ದುಬಾರಿ ಎಂಬುದನ್ನು ಮುಚ್ಚಿಡುವ ಬದಲು ಡಂಗುರ ಸಾರಿದರೆ ಹೆಚ್ಚು ಮಾರಾಟವಾಗುತ್ತದೆಂಬ ಜ್ಞಾನೋದಯ ನಮಗಾದದ್ದು ಆಗಲೇ. ಹೊಟ್ಟೆಪಾಡೂ ಇತ್ತೆನ್ನಿ. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೈಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. 1970ರ ಸುಮಾರಿಗೆ ಸ್ವಿಸ್ ಗಡಿಯಾರ ಉದ್ಯಮದಲ್ಲಿ 90,000ದಷ್ಟಿದ್ದ ನೌಕರರು ಎಂಬತ್ತರ ದಶಕದ ನಡುವಿಗೆ ಮೂರನೆಯ ಒಂದು ಭಾಗಕ್ಕೆ ಇಳಿದರು. ಸಮಯ ತೋರಿಸುವ ಸ್ಪರ್ಧೆಯಲ್ಲಿ ಸೋತೆವು. ಅದಕ್ಕೇ ಅಂತಸ್ತು ತೋರಿಸುವ ಉದ್ಯೋಗ ಹಿಡಿದೆವು.

ನಾವು: ಹಾಗಾದರೆ ನೀವು ತೋರಿಸುವ ಸಮಯ ಸರಿಯಿಲ್ಲವೇ?

ವಾಚು: ಸರಿಯಿದೆ, ನಮ್ಮ ಅಳತೆಗೆ. ಸ್ವಿಸ್ ಕ್ರೋನೋಮೀಟರ್ ಸಂಸ್ಥೆಯ ಪರೀಕ್ಷೆ ಪಾಸಾಗಲು ಯಂತ್ರವು ದಿನಕ್ಕೆ 4 ಸೆಕೆಂಡ್ ಹಿಂದೆ ಬೀಳಬಹುದು ಅಥವಾ 6 ಸೆಕೆಂಡ್ ಮುಂದೆ ಓಡಬಹುದು. ರೋಲೆಕ್ಸ್ ತನಗೆ ತಾನೇ ವಿಧಿಸಿಕೊಂಡ ಮಿತಿ ದಿನಕ್ಕೆ 2 ಸೆಕೆಂಡ್ ಆಚೀಚೆ. ಎಂದರೆ ತಿಂಗಳಿಗೆ ಹೆಚ್ಚೆಂದರೆ ಒಂದು ನಿಮಿಷ. ನಿಮ್ಮ ಸಾವಿರ ರೂಪಾಯಿಯ ಸಾಧಾರಣ ಕ್ವಾರ್ಟ್ಜ್ ತಿಂಗಳಿಗೆ 15 ಸೆಕೆಂಡಿನಷ್ಟು ತಪ್ಪುತ್ತದೆ. ಲಕ್ಷಗಟ್ಟಲೆ ಕೊಟ್ಟವರಿಗೆ ನಾವು ಸಮಯವನ್ನೂ ಸ್ವಲ್ಪ ಧಾರಾಳವಾಗಿಯೇ ಕೊಡುತ್ತೇವೆ.

ನಾವು: ಹೆಸರಿನಲ್ಲೇ ‘ಸ್ಪೋರ್ಟ್ಸ್’ ಇದೆ. ಯಾವ ಆಟ ಆಡಿದ್ದೀರಿ?

ವಾಚು: (ಮುಳ್ಳು ಅಲುಗುವಷ್ಟು ನಕ್ಕು) ನಾನು 300 ಮೀಟರ್ ಆಳದ ಒತ್ತಡ ತಡೆಯಬಲ್ಲೆ. ನನ್ನ ವಾರಿಗೆಯವರು ಈವರೆಗೆ ಇಳಿದಿರುವ ಆಳ ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟ್ ಪಾರ್ಕಿಂಗಿನವರೆಗೆ. ಮೇಲಿನ ಬಳೆ ಇದೆಯಲ್ಲ, ಬೆಜೆಲ್, ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ನೀರಿನೊಳಗೆ ಬಂಡೆಗೆ ತಗುಲಿ ಜರುಗಿದರೂ ನೀರಿನಲ್ಲಿ ಕಳೆದ ಹೊತ್ತು ಇದ್ದದ್ದಕ್ಕಿಂತ ಕಡಿಮೆಯೆಂದು ತೋರಿಸಿ ಮುಳುಗುಗಾರನ ಪ್ರಾಣ ತೆಗೆಯಬಾರದು ಎಂಬ ಎಚ್ಚರಿಕೆ ಅದು. ಈಗ ಅದರಿಂದ ಕುಕ್ಕರ್ ಇಳಿಸುವ ಹೊತ್ತು ನೋಡುತ್ತಾರೆ. ಒಮೆಗಾ ಸೀಮಾಸ್ಟರ್ ಡೈವರ್‌ನ ಹತ್ತು ಗಂಟೆಯ ಜಾಗದಲ್ಲೊಂದು ಗುಬುಟಿದೆ. ವಾರಗಟ್ಟಲೆ ಒತ್ತಡದ ಕೋಣೆಯಲ್ಲಿ ಹೀಲಿಯಂ ಬೆರೆತ ಗಾಳಿ ಉಸಿರಾಡುವವರ ವಾಚಿನೊಳಗೆ ನುಸುಳಿದ ಹೀಲಿಯಂ ಅನ್ನು ಹೊರಬಿಡಲು ಅದು. ಕೋರಮಂಗಲದಲ್ಲಿ ಅದನ್ನು ಕಟ್ಟಿಕೊಂಡವರು ಹೊರಬಿಡುವುದು ನಿಟ್ಟುಸಿರು ಮಾತ್ರ, ಅದೂ ಕ್ರೆಡಿಟ್ ಕಾರ್ಡಿನ ಬಿಲ್ಲು ಬಂದ ದಿನ.

ನಾವು: ಸ್ಪೀಡ್‌ಮಾಸ್ಟರ್ ಆದರೂ ಉಪಯೋಗಕ್ಕೆ ಬರುತ್ತದಲ್ಲವೇ? ವೇಗ ಅಳೆಯಬಹುದು.

ವಾಚು: ಅದರ ಅಂಚಿನ ಮಾಪಕ 500ರಿಂದ ಶುರುವಾಗಿ 60ಕ್ಕೆ ಮುಗಿಯುತ್ತದೆ. ಒಂದು ಕಿಲೋಮೀಟರು ದಾಟಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಸಂಜೆ ಆರಕ್ಕೆ ಅದನ್ನು ಒತ್ತಿ ನೋಡಿ, ಮುಳ್ಳು ಸುತ್ತಿ ಸುತ್ತಿ ತಲೆತಿರುಗಿ ಬೀಳುತ್ತದೆ. ಚಂದ್ರನ ಮೇಲೆ ಅದಕ್ಕೆ ಗೌರವ ಸಿಕ್ಕಿತು, ನಿಜ. ಅಲ್ಲಿಯೂ 1969ರಲ್ಲಿ ಮೊದಲು ಕಾಲಿಟ್ಟ ಆರ್ಮ್‌ಸ್ಟ್ರಾಂಗ್ ತನ್ನ ವಾಚನ್ನು ನೌಕೆಯೊಳಗೇ ಬಿಟ್ಟಿದ್ದ, ನೌಕೆಯ ಗಡಿಯಾರ ಕೆಟ್ಟಿತ್ತೆಂದು. ಚಂದ್ರನ ಮೇಲೆ ಓಡಾಡಿದ ಮೊದಲ ವಾಚು ಇದ್ದದ್ದು ಎರಡನೆಯವನಾಗಿ ಇಳಿದ ಆಲ್ಡ್ರಿನ್ ಕೈಯಲ್ಲಿ.

ನಾವು: ಸರಿ, ಇಷ್ಟೆಲ್ಲ ಕೇಳಿಯೂ ಒಬ್ಬ ನಿಮ್ಮನ್ನೇ ಕೊಳ್ಳುತ್ತೇನೆಂದು ದುಡ್ಡು ಹಿಡಿದು ಬಂದ ಅನ್ನಿ.

ವಾಚು: ಬರಲಿ. ಕಾಫಿ ಕೊಡುತ್ತಾರೆ, ಸೋಫಾದಲ್ಲಿ ಕೂರಿಸುತ್ತಾರೆ, ನನ್ನ ಪಕ್ಕದ ಬೋರ್ಡು ತೋರಿಸುತ್ತಾರೆ: ‘ಪ್ರದರ್ಶನಕ್ಕೆ ಮಾತ್ರ’. ಹೆಸರು ಬರೆಸಿ ಹೋಗಿ, ಬಂದಾಗ ಹೇಳುತ್ತೇವೆ ಅನ್ನುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ನಂಬರೆಷ್ಟು ಎಂದು ಕೇಳಬೇಡಿ, ಅದಕ್ಕೆ ನಂಬರಿಲ್ಲ. ‘ಹಿಂದೆ ನಮ್ಮಲ್ಲಿ ಏನೇನು ತೆಗೆದುಕೊಂಡಿದ್ದೀರಿ ಸಾರ್?’ ಎಂದು ವಿಚಾರಿಸುತ್ತಾರೆ. ಎಂದರೆ ಮನೆಯವರಿಗೊಂದು ವಜ್ರದ್ದು, ಮಗನಿಗೊಂದು ಯಾರಿಗೂ ಬೇಡವಾದ ಬಣ್ಣದ್ದು ಕೊಂಡರೆ ನಿಮ್ಮ ಭಕ್ತಿ ಮೆಚ್ಚಬಹುದು. ಕಾರ್ಖಾನೆ ಕೊಟ್ಟರೂ ಕೌಂಟರಿನವನು ಕೊಡ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಿಮ್ಮಲ್ಲೇ ಗಾದೆಯಿದೆಯಲ್ಲ. ನೀವು ನಮ್ಮನ್ನು ಆರಿಸಲು ಬಂದಿರಿ ಅಂದುಕೊಂಡಿರಿ. ಆರಿಸುವುದು ನಾವು.

ನಾವು: ಹೂಡಿಕೆ ಎಂದು ಕೊಳ್ಳುವವರೂ ಇದ್ದಾರಂತೆ.

ವಾಚು: ಇದ್ದಾರೆ. 2021ರಲ್ಲಿ ಪಾಟೆಕ್ ತನ್ನ ಸ್ಟೀಲಿನ ನಾಟಿಲಸ್ 5711 ನಿಲ್ಲಿಸುತ್ತೇನೆ ಎಂದಿತು. ಆ ಡಿಸೆಂಬರಿನಲ್ಲಿ ಟಿಫಾನಿ ಅಂಗಡಿಯ ತಿಳಿನೀಲಿ ಮುಖದ್ದೊಂದು ದಾನದ ಹರಾಜಿನಲ್ಲಿ ಸುಮಾರು 65 ಲಕ್ಷ ಡಾಲರಿಗೆ ಹೋಯಿತು. ಅದನ್ನು ಓದಿದವರೆಲ್ಲ ತಮ್ಮ ಕೈಯಲ್ಲಿ ಸೈಟು ಕಟ್ಟಿಕೊಂಡಿದ್ದೇವೆ ಅಂದುಕೊಂಡರು. 2022ರ ಆರಂಭದಲ್ಲಿ ಶಿಖರ ಮುಟ್ಟಿದ ಸೆಕೆಂಡ್‌ಹ್ಯಾಂಡ್ ಬೆಲೆ ಆಮೇಲೆ ಜಾರಿತು. ಹೆಚ್ಚಿನ ವಾಚುಗಳಂತೂ ಅಂಗಡಿಯ ಬಾಗಿಲು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಅದರ ಜೊತೆಗೆ ಐದರಿಂದ ಹತ್ತು ವರ್ಷಕ್ಕೊಮ್ಮೆ ನನ್ನನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕು. ಆ ಬಿಲ್ಲಿನಲ್ಲಿ ಇನ್ನೊಂದು ಒಳ್ಳೆಯ ವಾಚೇ ಬರುತ್ತದೆ.

ನಾವು: ಸರ್ಕಾರಕ್ಕೂ ನಿಮ್ಮ ಮೇಲೆ ಕಣ್ಣಿದೆ.

ವಾಚು: ಪ್ರೀತಿಯಿಂದ. 2025ರ ಏಪ್ರಿಲ್ 22ರಿಂದ 10 ಲಕ್ಷ ರೂಪಾಯಿ ದಾಟಿದ ಕೈಗಡಿಯಾರ ಮಾರುವಾಗ ಅಂಗಡಿಯವರೇ ಶೇ 1ರಷ್ಟು ತೆರಿಗೆ ಸಂಗ್ರಹಿಸಿ ನಿಮ್ಮ ಪ್ಯಾನ್ ಲೆಕ್ಕಕ್ಕೆ ಸೇರಿಸುತ್ತಾರೆ. ಇನ್ನೊಂದು ಕಡೆ, ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಕೂಟದೊಡನೆ ಭಾರತ 2024ರ ಮಾರ್ಚಿನಲ್ಲಿ ಮಾಡಿಕೊಂಡ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂತು. ನಮ್ಮ ಮೇಲಿನ ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಕರಗಲಿದೆ. ಇಳಿದದ್ದೆಲ್ಲ ನಿಮ್ಮ ಕೈಗೇ ಬರುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ನನಗೆ ನೌಕರಿ ಮುಖ್ಯ.

ನಾವು: ಕರ್ನಾಟಕದ ರಾಜಕೀಯದಲ್ಲೂ ವಾಚು ಸದ್ದು ಮಾಡಿತ್ತು.

ವಾಚು: 2016ರಲ್ಲಿ ಆಗಿನ ಮುಖ್ಯಮಂತ್ರಿಗಳು ಕಟ್ಟಿದ್ದ ಹ್ಯೂಬ್ಲೊ ವಾಚಿನ ವಿಚಾರವೇ? ಅವರು ಅದನ್ನು ವಿಧಾನಸಭೆಯ ಸ್ಪೀಕರಿಗೆ ಒಪ್ಪಿಸಿದರು, ವಾಚು ಸರ್ಕಾರದ ಆಸ್ತಿಯಾಯಿತು. ನಮ್ಮಲ್ಲಿ ಅನೇಕರು ಜೀವನವಿಡೀ ಬ್ಯಾಂಕ್ ಲಾಕರಿನಲ್ಲೇ ಕಳೆಯುತ್ತಾರೆ. ಸದನದ ಕಲಾಪಕ್ಕೆ ಬಂದು ಹೋದ ಭಾಗ್ಯ ಅದಕ್ಕೊಂದಕ್ಕೇ. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತ್ತು. ಆ ಸುದ್ದಿಗೆ ಅಷ್ಟು ಗದ್ದಲವಾಗಲಿಲ್ಲ.

ನಾವು: ಎಚ್‌ಎಂಟಿ ನಿಮಗೆ ಗೊತ್ತೇ!

ವಾಚು: ಗೊತ್ತಿಲ್ಲದೆ ಏನು? ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಜನತಾ ಅಂತೊಂದು ಮಾಡೆಲ್ಲು, ದಿನಾ ಬೆಳಿಗ್ಗೆ ಕೀ ಕೊಡಬೇಕು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ, ಮದುವೆಯ ಅಳಿಯನಿಗೆ, ರೈಲ್ವೆಯ ನೌಕರನಿಗೆ, ಎಲ್ಲರಿಗೂ ಅದೇ. ಅದನ್ನು ಕಟ್ಟಿಕೊಂಡೇ ಗದ್ದೆಗೆ ಇಳಿದರು, ಬಸ್ಸಿನ ಕಂಬಿಗೆ ಜೋತುಬಿದ್ದರು, ಕಬಡ್ಡಿ ಆಡಿದರು. ಹೊಟ್ಟೆಕಿಚ್ಚಿನಿಂದ ಹೇಳುತ್ತೇನೆ ಸ್ವಾಮೀ, ನಿಜವಾದ ಸ್ಟೀಲ್ ಸ್ಪೋರ್ಟ್ಸ್ ವಾಚು ಅದೇ. ಹಾಗೆಂದು ಯಾರೂ ಅದಕ್ಕೆ ಹೇಳಲಿಲ್ಲ, ಅಷ್ಟೇ.

ನಾವು: ಗಂಭೀರವಾಗಿ ಕೇಳುತ್ತೇವೆ. ಮೊದಲ ಸಲ ಕೊಳ್ಳುವವರು ಹೇಗೆ ಆರಿಸಬೇಕು?

ವಾಚು: ಮೊದಲು ಮಣಿಕಟ್ಟು. ಡಯಲಿನ ಅಗಲವೊಂದನ್ನೇ ಕೇಳಿ ಮೋಸಹೋಗುತ್ತಾರೆ. ಚೈನು ಸೇರುವ ಮೇಲಿನ ಕೊಂಬಿನಿಂದ ಕೆಳಗಿನ ಕೊಂಬಿನ ತನಕ ಅಳೆಯಿರಿ. ಅದು ನಿಮ್ಮ ಮಣಿಕಟ್ಟಿನಿಂದ ಹೊರಗೆ ಚಾಚಿದರೆ ವಾಚು ನಿಮ್ಮದಲ್ಲ, ಅಣ್ಣನದ್ದು. ಆಮೇಲೆ ದಪ್ಪ: ತುಂಬುತೋಳಿನ ಅಂಗಿಯ ಗುಂಡಿ ಹಾಕಿ ನೋಡಿ. ಮೊದಲ ರಾಯಲ್ ಓಕ್ 39 ಮಿಲಿಮೀಟರ್ ಅಗಲವಿದ್ದರೂ ದಪ್ಪ ಬರೀ 7. ಆಮೇಲೆ ಚೈನು. ಏಪ್ರಿಲ್ ಬಿಸಿಲಿಗೆ ಕೈ ಊದಿಕೊಳ್ಳುತ್ತದೆ. ಉಪಕರಣವಿಲ್ಲದೆ ಬಕಲಿನಲ್ಲೇ ಒಂದಿಷ್ಟು ಸಡಿಲಿಸಲು ಬರುತ್ತದೆಯೇ ನೋಡಿ. ತಿರುಪು ಹಾಕಿ ಬಿಗಿಯುವ ಕೀ ಇದ್ದರೆ ಮಳೆಯ ಭಯವಿಲ್ಲ. ಸರ್ವಿಸ್ ನಿಮ್ಮೂರಿನಲ್ಲೇ ಆಗುತ್ತದೆಯೋ, ಜಿನೀವಾಕ್ಕೆ ಪ್ರಯಾಣ ಬೆಳೆಸಬೇಕೋ, ಮೊದಲೇ ಕೇಳಿ. ಹಳೆಯದು ಕೊಳ್ಳುವಿರಾದರೆ ವಾಚಿಗಿಂತ ಮೊದಲು ಮಾರುವವನನ್ನು ಪರೀಕ್ಷಿಸಿ. ಪೆಟ್ಟಿಗೆ, ಕಾಗದಪತ್ರಕ್ಕೂ ನಕಲಿ ಉಂಟು. ಪಟ್ಟಿಯಲ್ಲಿ ಕಾಯಲು ಬೇಸರವಾದರೆ ಟ್ಯೂಡರ್ ಬ್ಲ್ಯಾಕ್ ಬೇ ಇದೆ, ಗ್ರ್ಯಾಂಡ್ ಸೈಕೋ ಇದೆ, ಒಮೆಗಾ ಇದೆ. ದುಡ್ಡು ಕೊಟ್ಟರೆ ಕೊಡುವವರೂ ಲೋಕದಲ್ಲಿದ್ದಾರೆ.

ನಾವು: ಗೀರು ಬಿದ್ದರೆ?

ವಾಚು: ಬೀಳಲಿ! ಪಾಲಿಶ್ ಎಂದರೆ ನನ್ನ ಮೈಯನ್ನೇ ಒಂದು ಪದರ ಸವೆಸುವುದು; ಪದೇ ಪದೇ ಮಾಡಿಸಿದರೆ ಅಂಚುಗಳೆಲ್ಲ ಸಬಕಾರದ ತುಂಡಾಗುತ್ತವೆ. ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಒಂದು ಸ್ಟೀಲ್ ರೋಲೆಕ್ಸ್ ಡೇಟೋನಾ ಕೊಡಿಸಿದ್ದಳು, ಹುಷಾರಾಗಿ ಗಾಡಿ ಓಡಿಸು ಎಂದು ಹಿಂಬದಿಯಲ್ಲಿ ಕೆತ್ತಿಸಿ. ಅಂಥ ಮುಖದ ಡೇಟೋನಾಗಳು ಆಗ ಅಂಗಡಿಗಳಲ್ಲಿ ಧೂಳು ಹಿಡಿದು ಕೂತಿದ್ದವು. ಆತ ವರ್ಷಗಟ್ಟಲೆ ಕಟ್ಟಿ, 1984ರಲ್ಲಿ ಮಗಳ ಗೆಳೆಯನಿಗೆ ಕೊಟ್ಟುಬಿಟ್ಟ. ಆ ಹುಡುಗ ಅದನ್ನೇ ಕಟ್ಟಿಕೊಂಡು ಓಡಾಡಿದ. 2017ರಲ್ಲಿ ಅದು ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 1.78 ಕೋಟಿ ಡಾಲರಿಗೆ ಹೋಯಿತು. ಲಾಕರಿನಲ್ಲಿಟ್ಟಿದ್ದರೆ ಅದಕ್ಕೆ ಯಾವ ಕಥೆ ಇರುತ್ತಿತ್ತು? ನೀವೋ ನನ್ನ ಚೈನಿನ ಮೇಲಿನ ಪ್ಲಾಸ್ಟಿಕ್ಕನ್ನೇ ಕೀಳದೆ ಮಗನ ಮದುವೆಗೆ ಎತ್ತಿಡುತ್ತೀರಿ. ಆ ಮಗ ಸ್ಮಾರ್ಟ್‌ವಾಚ್ ಕಟ್ಟಿರುತ್ತಾನೆ.

ನಾವು: ಕೊನೆಯದಾಗಿ, ಎಲ್ಲ ನೋಡಿಯೂ ತೀರ್ಮಾನವಾಗದಿದ್ದರೆ?

ವಾಚು: ಒಂದು ಪರೀಕ್ಷೆ ಇದೆ. ಡಯಲಿನ ಮೇಲಿನ ಹೆಸರನ್ನು ಬೆರಳಿನಿಂದ ಮುಚ್ಚಿ. ಈಗಲೂ ಇದೇ ವಾಚು ಬೇಕೆನಿಸುತ್ತದೆಯೇ? ಹಾಗಿದ್ದರೆ ಸಾಲ ಮಾಡದೆ ಕೊಳ್ಳಿ, ದಿನಾ ಕಟ್ಟಿ. ಇಲ್ಲವಾದರೆ ನಿಮಗೆ ಬೇಕಿರುವುದು ಹೆಸರು ಮಾತ್ರ. ಅದನ್ನು ಟೀಶರ್ಟಿನ ಮೇಲೆ ಅಚ್ಚು ಹಾಕಿಸಿಕೊಳ್ಳಬಹುದು, ಇನ್ನೂ ದೊಡ್ಡದಾಗಿ ಕಾಣುತ್ತದೆ.

ನಾವು: ಹೀಗೆಲ್ಲ ಹೇಳಿದರೆ ಕಂಪನಿಯವರು ಸುಮ್ಮನಿರುತ್ತಾರೆಯೇ?

ವಾಚು: ಅವರಿಗೆ ಖುಷಿಯೇ. ಇದನ್ನು ಓದಿ ಹತ್ತು ಮಂದಿ ಪಟ್ಟಿಯಿಂದ ಹೆಸರು ಹೊಡೆಸಿದರೆ, ಹಿಂದಿನ ಹತ್ತು ಮಂದಿ ನಮ್ಮ ಸರದಿ ಬಂತೆಂದು ಓಡಿ ಬರುತ್ತಾರೆ. ನೀವು ಮಾತ್ರ ಗಾಬರಿಯಾಗಬೇಡಿ ಸಂಪಾದಕರೇ. ಹೋದ ತಿಂಗಳು ಬೇರೆ ಫೋನ್ ನಂಬರು ಕೊಟ್ಟು ಬರೆಸಿ ಹೋದ ನಿಮ್ಮ ಹೆಸರು ಇನ್ನೂ ಹಾಗೇ ಇದೆ.