ಅರವತ್ತೊಂದನೇ ಕಾರ್ಡು

ರಾಯರೇ, ರಾತ್ರಿ ಹನ್ನೊಂದಾದರೂ ನಿಮ್ಮ ಹಜಾರದಲ್ಲಿ ದೀಪ ಉರೀತಿತ್ತಲ್ಲ ಅಂತ ಕೇಳಿದಿರಿ. ಮತ್ತೇನಿಲ್ಲ, ಡೆಕ್ ಕಟ್ಟುತ್ತಾ ಕೂತಿದ್ದೆ. ಶನಿವಾರ ಮ್ಯಾಜಿಕ್ ಅನ್ನುವ ಕಾರ್ಡಿನ ಆಟ ಇದೆ. ಎಲ್ಲ ಜೋಡಿಸಿ ಎಣಿಸಿದರೆ 61. ಒಂದು ಕಾರ್ಡು ತೆಗೆಯಬೇಕು. ಆ ಒಂದಕ್ಕೇ ಎರಡು ಗಂಟೆ ಹಿಡಿಯಿತು ನೋಡಿ.

ಒಂದು ಹೆಚ್ಚಿದ್ದರೆ ಏನು ಗಂಟು ಹೋಗುತ್ತೆ ಅಂತೀರಿ. ನಿಯಮ ಕೇಳಿದರೆ ಏನೂ ಹೋಗುವುದಿಲ್ಲ. ಮ್ಯಾಜಿಕ್‌ನಲ್ಲಿ 60 ಅನ್ನುವುದು ಕನಿಷ್ಠ. ಗರಿಷ್ಠಕ್ಕೆ ಲೆಕ್ಕವೇ ಇಲ್ಲ. ಬೇರೆಯವರ ಕೈ ತಾಗದೆ ನೀವೊಬ್ಬರೇ ಕಲೆಸುವ ಹಾಗಿರಬೇಕು, ಅಷ್ಟೇ ಷರತ್ತು. ‘ಬ್ಯಾಟಲ್ ಆಫ್ ವಿಟ್ಸ್’ ಅಂತ ಒಂದು ಕಾರ್ಡಿದೆ. ಅದನ್ನು ಇಳಿಸಿ, ನಿಮ್ಮ ಸರದಿ ಮತ್ತೆ ಬಂದಾಗ ಕಟ್ಟಿನಲ್ಲಿ 200 ಕಾರ್ಡು ಉಳಿದಿದ್ದರೆ ಗೆದ್ದ ಹಾಗೇ. ಅದಕ್ಕೋಸ್ಕರ ಇಟ್ಟಿಗೆಯಂಥ ಡೆಕ್ ಹೊತ್ತು ತರುವವರಿದ್ದಾರೆ. ಅದನ್ನು ಕಲೆಸುವುದನ್ನು ಕೂತು ನೋಡಬೇಕು. ನಾಲ್ಕು ಪಾಲು ಮಾಡಿ, ಇದರಲ್ಲಿ ಅದನ್ನು, ಅದರಲ್ಲಿ ಇದನ್ನು ಸೇರಿಸಿ, ಮತ್ತೆ ಒಡೆದು, ಮತ್ತೆ ಕೂಡಿಸಿ... ಹಪ್ಪಳದ ಹಿಟ್ಟಿಗೂ ಅಷ್ಟು ಕೈ ಬೇಡ.

ಆದರೆ ಗೆಲ್ಲಲೇಬೇಕು ಅಂತ ಹೊರಟವರು 60ಕ್ಕೇ ನಿಲ್ಲಿಸುತ್ತಾರೆ. ನಾಲ್ಕು ಪ್ರತಿ ಹಾಕಿದ ಕಾರ್ಡು ಕೂಡ ಮೊದಲ ಕೈಯ ಏಳರಲ್ಲಿ ಸಿಗುವುದು ನೂರಕ್ಕೆ 40 ಸಲ. ಅದನ್ನೂ ತೆಳ್ಳಗೆ ಮಾಡುವುದೆಂದರೆ, ಹದವಾಗಿ ಕುದ್ದ ಸಾರಿಗೆ ಮೇಲಿಂದ ನೀರು ಹೊಯ್ದ ಹಾಗೆ, ಅಲ್ವಾ?

ನಾಲ್ಕು ಪ್ರತಿ ಅಂದೆನಲ್ಲ, ಅದು ಮೊದಲಿಂದ ಇದ್ದ ನಿಯಮವಲ್ಲ. ರಿಚರ್ಡ್ ಗಾರ್‌ಫೀಲ್ಡ್ ಅನ್ನುವ ಗಣಿತದ ಮೇಷ್ಟ್ರು 1993ರಲ್ಲಿ ಈ ಆಟ ತಂದಾಗ ಡೆಕ್ಕಿಗೆ 40 ಕಾರ್ಡು ಸಾಕಿತ್ತು, ಒಂದೇ ಕಾರ್ಡನ್ನು ಎಷ್ಟು ಬೇಕಾದರೂ ತುಂಬಬಹುದಿತ್ತು. ‘ಪ್ಲೇಗ್ ರ‍್ಯಾಟ್ಸ್’ ಅಂತ ಇಲಿ. ಮೇಜಿನ ಮೇಲೆ ಎಷ್ಟು ಇಲಿ ಇದೆಯೋ ಒಂದೊಂದಕ್ಕೂ ಅಷ್ಟು ಬಲ. ಅಂಥ ಇಲಿಗಳನ್ನೇ ತುಂಬಿಕೊಂಡು ಬಂದರೆ ಎದುರಿಗಿದ್ದವನು ಏನು ಮಾಡಬೇಕು ಹೇಳಿ. ಆಮೇಲೆ ನಾಲ್ಕರ ಲಗಾಮು ಬಿತ್ತು. ಆದರೂ ಈ ಆಟ ಮಾಡುವವರಿಗೆ ಇಲಿ ಮೇಲಿನ ಪ್ರೀತಿ ಹೋಗಲಿಲ್ಲ. 2004ರಲ್ಲಿ ‘ರಿಲೆಂಟ್‌ಲೆಸ್ ರ‍್ಯಾಟ್ಸ್’ ಅಂತ ಬೇರೆ ಇಲಿ ತಂದು, ಇದನ್ನು ಮಾತ್ರ ಎಷ್ಟಾದರೂ ಹಾಕಿಕೊಳ್ಳಿ ಅಂತ ಕಾರ್ಡಿನ ಮೇಲೇ ಬರೆದರು. ನನಗೆ ಅದಕ್ಕಿಂತ ಇಷ್ಟ ‘ಸೆವೆನ್ ಡ್ವಾರ್ವ್ಸ್’. ಏಳು ಕುಳ್ಳರ ಕಥೆ ಅಲ್ವಾ, ಅದನ್ನು ಏಳರ ತನಕ ಹಾಕಬಹುದು, ಎಂಟನೆಯದು ಸಲ್ಲದು. ಕಥೆಯ ಮಾತನ್ನು ನಿಯಮ ಹೀಗೆ ಕಾಪಾಡುವುದು ನೋಡಿದರೆ ಹೊಟ್ಟೆ ತಣ್ಣಗಾಗುತ್ತೆ ರಾಯರೇ.

ನನಗಿದರ ಹುಚ್ಚು ಹತ್ತಿಸಿದ್ದು ಅಕ್ಕನ ಮಗ. ಕ್ಯಾಲಿಫೋರ್ನಿಯಾದಿಂದ ಬಂದವನು, ‘ಮಾಮ, ನಿಮಗೆ ಇಸ್ಪೀಟು ಬರುತ್ತಲ್ಲ, ಇದೂ ಬರುತ್ತೆ ಬನ್ನಿ’ ಅಂತ ಊಟದ ಮೇಜಿನ ಮೇಲೆ ಹರಡಿದ. ಒಂದೊಂದು ಕಾರ್ಡಿಗೂ ಪ್ಲಾಸ್ಟಿಕ್ ಅಂಗಿ ತೊಡಿಸಿದ್ದ. ಇದೆಲ್ಲ ಯಾಕಪ್ಪಾ ಅಂದೆ. ಒಂದರ ಮೂಲೆ ಸೊಟ್ಟಗಾದರೂ ಹಿಂಬದಿಯಿಂದ ಗುರುತು ಸಿಗುತ್ತೆ ಮಾಮ, ಪಂದ್ಯದಲ್ಲಿ ತೀರ್ಪುಗಾರರು ಬಿಡುವುದಿಲ್ಲ ಅಂದ.

ಅವನು ಹಾಗೆ ಅಂದದ್ದೇ ತಡ, ತಾತನ ಮನೆಯ ಹೊಸತೊಡಕು ಕಣ್ಣ ಮುಂದೆ ಬಂತು. ಯುಗಾದಿಯ ಮಾರನೇ ದಿನ ಜಗಲಿ ಮೇಲೆ ಚಾಪೆ ಹಾಸಿದರೆ ದೀಪ ಹಚ್ಚುವ ಹೊತ್ತಿನ ತನಕ ಎಲೆ ಬೀಳುತ್ತಲೇ ಇರೋದು. ಆ ಕಟ್ಟಿನಲ್ಲಿ ಆಟೀನ್ ರಾಣಿಯ ಎಡಗಡೆ ಮೂಲೆ ಹರಿದಿತ್ತು. ಕೆಳಗಿಟ್ಟ ಕಟ್ಟಿನ ಮೇಲೆ ಆ ಹರಕು ಕಂಡರೆ ಸಾಕು, ಎಲ್ಲರ ಕಣ್ಣೂ ಅಲ್ಲೇ. ಒಂದು ವರ್ಷ ತಾತ ಮಾತೂ ಆಡದೆ ಒಳಗೆ ಹೋಗಿ ಅಜ್ಜಿಯ ಕತ್ತರಿ ತಂದರು. ಮಿಕ್ಕ 51 ಎಲೆಯನ್ನೂ ಒಂದೊಂದಾಗಿ ರಾಣಿಯ ಪಕ್ಕ ಇಟ್ಟು ಅಳೆದು, ಅದೇ ಮೂಲೆ ಕತ್ತರಿಸಿದರು. ಚಾಪೆ ತುಂಬ ಸಣ್ಣ ಸಣ್ಣ ತ್ರಿಕೋನ. ‘ಈಗ ಕಲೆಸ್ರೋ’ ಅಂದರು. ಅಕ್ಕನ ಮಗನ ಪ್ಲಾಸ್ಟಿಕ್ ಅಂಗಿಯೂ ಅದೇ ಕೆಲಸ ಮಾಡುವುದು ತಾನೇ?

ಕಲೆಸುವುದರಲ್ಲೂ ಒಂದು ತಮಾಷೆ ಇದೆ. ಈ ಆಟದಲ್ಲಿ ಕಾರ್ಡು ಇಳಿಸಲು ತೆರಬೇಕಾದ ಬೆಲೆಗೆ ಮಾನಾ ಅಂತಾರೆ, ಅದನ್ನು ಹುಟ್ಟಿಸುವ ಕಾರ್ಡು ಲ್ಯಾಂಡ್. ಲ್ಯಾಂಡ್ ಎಲ್ಲ ಒಂದೇ ಕಡೆ ಗುಂಪಾಗದಿರಲಿ ಅಂತ ಎರಡು ಕಾರ್ಡಿಗೆ ಒಂದು ಲ್ಯಾಂಡ್ ಪೋಣಿಸಿ, ಮಲ್ಲಿಗೆ ನಡುವೆ ಮರುಗ ಕಟ್ಟಿದ ಹಾಗೆ ಜೋಡಿಸಿಟ್ಟು ಆಮೇಲೆ ಕಲೆಸುವವರಿದ್ದಾರೆ. ಚೆನ್ನಾಗಿ ಕಲೆಸಿದರೆ ಪೋಣಿಸಿದ್ದೆಲ್ಲ ಬಿಚ್ಚಿಹೋಯಿತು, ಪಟ್ಟ ಪಾಡು ದಂಡ. ಕಲೆಸಿದ ಮೇಲೂ ಪೋಣಿಸಿದ್ದು ಉಳಿಯಿತು ಅಂದರೆ ಅದು ಮೋಸ. ಎರಡರಲ್ಲಿ ಒಂದಾಗಲೇಬೇಕು! 52 ಎಲೆಯ ಕಟ್ಟನ್ನು ಎರಡು ಪಾಲು ಮಾಡಿ ಏಳು ಸಲ ಸರಸರ ಸೇರಿಸಿದರೆ ಸಾಕು ಅಂತ 1992ರಲ್ಲಿ ಬೇಯರ್, ಡಯಾಕೊನಿಸ್ ಅನ್ನುವ ಇಬ್ಬರು ಗಣಿತಜ್ಞರು ತೋರಿಸಿಕೊಟ್ಟರು. ನಾನು ಎಂಟು ಸಲ ಮಾಡುತ್ತೇನೆ.

ಎಲ್ಲಿದ್ದೆ? ಹಾಂ, ಆ 61ನೆಯದು. ಅದು ‘ಶಿವನ್ ಡ್ರ‍್ಯಾಗನ್’ ರಾಯರೇ. ಅಕ್ಕನ ಮಗ ಹೊರಡುವ ದಿನ ನನ್ನ ಜೇಬಿಗೆ ಹಾಕಿ ಹೋದ ಕಾರ್ಡು. ಕೆಂಪು ಮೈ, ಹರಡಿದ ರೆಕ್ಕೆ, ನೋಡುತ್ತಲೇ ಕೂರಬಹುದು. ಆದರೆ ಇಳಿಸುವುದಕ್ಕೆ ಆರು ಮಾನಾ. ನನ್ನ ಡೆಕ್ ಬೆಂಕಿ ಡೆಕ್. ‘ಲೈಟ್ನಿಂಗ್ ಬೋಲ್ಟ್’ ಒಂದು ಮಾನಾಕ್ಕೆ ಮೂರು ಪೆಟ್ಟು, ಅಂಥವು ಏಳು ಬಿದ್ದರೆ ಎದುರಾಳಿಯ 20 ಪ್ರಾಣ ಮುಗಿದು ಒಂದು ಮಿಕ್ಕುತ್ತದೆ. ನಾಲ್ಕೈದು ಸರದಿಯಲ್ಲಿ ಆಟ ಮುಗಿಯಬೇಕು. 60ರಲ್ಲಿ 20 ಲ್ಯಾಂಡ್, ಅಂದರೆ ಮೂರಕ್ಕೊಂದು. ಆರು ಲ್ಯಾಂಡ್ ಕೈಗೆ ಬರುವಷ್ಟರಲ್ಲಿ ಹದಿನೇಳು ಹದಿನೆಂಟು ಕಾರ್ಡು ಎತ್ತಿರಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ನಾನು ಈ ಆಟದಲ್ಲಿ ತುಂಬ ಗೌರವಿಸುವುದು ‘ಐರನ್‌ಕ್ಲಾ ಆರ್ಕ್ಸ್’ ಅನ್ನುವ ಪುಕ್ಕಲರನ್ನು. ಎರಡು ಮಾನಾ, ಎರಡು ಬಲ. ಎದುರಿಂದ ಬರುವವನಿಗೆ ಎರಡು ಅಥವಾ ಹೆಚ್ಚು ಬಲವಿದ್ದರೆ ಅಡ್ಡ ನಿಲ್ಲುವುದಿಲ್ಲ ಅಂತ ಕಾರ್ಡಿನಲ್ಲೇ ಇದೆ. ಎಲ್ಲರೂ ಕಡೆಗಣಿಸಿದ ಕಾರ್ಡು. 1996ರಲ್ಲಿ ಅಟ್ಲಾಂಟಾದ ಅರ್ಹತಾ ಪಂದ್ಯಕ್ಕೆ ಪಾಲ್ ಸ್ಲೈ ಅನ್ನುವವರು ಇಂಥವರನ್ನೇ ಕರೆದುಕೊಂಡು ಬಂದು ಎರಡನೇ ಸ್ಥಾನ ಹೊಡೆದರು. ಸುಮ್ಮನೆ ಮುನ್ನುಗ್ಗುವ ಡೆಕ್‌ನಲ್ಲಿ ಅಡ್ಡ ನಿಲ್ಲುವ ಕೆಲಸವೇ ಇಲ್ಲವಲ್ಲ, ಆ ಪುಕ್ಕಲುತನದಿಂದ ನಷ್ಟವೇನು? ಮೊದಲ ಸರದಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಬಂದ ಮಾನಾ ಅಲ್ಲಲ್ಲೇ ಖರ್ಚಾಗುವಂತೆ ಆ ಡೆಕ್ ರೂಪಿಸಿದ್ದು ಜೇ ಶ್ನೈಡರ್. ಆದರೆ ಹೆಸರು ನಿಂತದ್ದು ಆಡಿದವರದು. ಇವತ್ತಿಗೂ ಆ ಬಗೆಯ ಡೆಕ್ಕಿಗೆ ಸ್ಲೈ ಅಂತಲೇ ಅನ್ನುವುದು. ಅಡುಗೆ ಮಾಡಿದವರ ಹೆಸರು ಒಳಗೇ ಉಳಿದು ಬಡಿಸಿದವರ ಹೆಸರು ಪಂಕ್ತಿಯಲ್ಲಿ ಓಡಾಡುತ್ತಲ್ಲ, ಹಾಗೆ.

ಆ ಆರ್ಕ್‌ಗಳನ್ನು ನೆನೆಸಿಕೊಂಡೇ ನಿನ್ನೆ ಡ್ರ‍್ಯಾಗನ್ನನ್ನು ತೆಗೆದೆ. ಮನಸ್ಸು ಬರಲಿಲ್ಲ, ಆದರೂ ತೆಗೆದೆ. ಡಬ್ಬಿಯ ಮುಚ್ಚಳದ ಒಳಬದಿಗೆ ಇಟ್ಟಿದ್ದೀನಿ, ತೆರೆದಾಗ ಮುಖ ಕಾಣುತ್ತೆ.

ಸರಿ, 60 ಆಯ್ತು ಅಂತ ದೀಪ ಆರಿಸಿ ಮಲಗಿದರೆ ಇನ್ನೊಂದು ತಲೆಗೆ ಬಂತು ನೋಡಿ. ಡ್ರ‍್ಯಾಗನ್ನೇ ಇಲ್ಲದ ಮೇಲೆ 20 ಲ್ಯಾಂಡ್ ಯಾಕೆ, 19 ಸಾಲದೇ? ಒಂದು ತೆಗೆದರೆ 59 ಆಗುತ್ತೆ, ಮತ್ತೆ ಒಂದು ಕಾರ್ಡಿಗೆ ಜಾಗ... ನೀವೇನಂತೀರಿ ರಾಯರೇ, ಹತ್ತೊಂಬತ್ತೋ, ಇಪ್ಪತ್ತೋ?