ವಿಮರ್ಶನಶಕ್ತಿಗೆ 20 ಅಂಕ

ಭಾಷಾವಿಜ್ಞಾನದ ಎಂ.ಎ. ತರಗತಿಯಲ್ಲಿ ವಿಮರ್ಶನಶಕ್ತಿಗೂ ಸಂಶೋಧನಪ್ರವೃತ್ತಿಗೂ ತಲಾ 20 ಅಂಕಗಳನ್ನು ಮೀಸಲಿರಿಸಿ, ಅವುಗಳನ್ನು ಅಳೆಯುವ ಮಾನದಂಡವನ್ನು ಮಾತ್ರ ಭಗವದಿಚ್ಛೆಗೆ ಬಿಟ್ಟಿದ್ದ ವಿಶ್ವವಿದ್ಯಾಲಯವೊಂದರ ಮೌಖಿಕ ಪರೀಕ್ಷೆಯಲ್ಲಿ, ಪ್ರಾಧ್ಯಾಪಕರು ಕನ್ನಡಕದ ಮೇಲಿನಿಂದ ಅಭ್ಯರ್ಥಿಯನ್ನು ಅವಲೋಕಿಸಿದರು.

“ಹಳಗನ್ನಡದ ಪಕಾರದ ಗತಿ ಏನಾಯಿತಯ್ಯ?”

“ಪದಾದಿಯಲ್ಲಿ ಹಕಾರವಾಯಿತು, ಸ್ವಾಮಿ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳಿನಲ್ಲಿ ಎರಡೂ ಪಕಾರದಲ್ಲಿಯೇ ಉಳಿದಿವೆ.”

“ಸಾಧು. ಸಾಕು.”

“ಆದರೆ ಪಡೆ, ಪಡು ಎಂಬ ಧಾತುಗಳು ಇಂದಿಗೂ ಪಕಾರವನ್ನು ಬಿಟ್ಟಿಲ್ಲ. ಆದಕಾರಣ ಟಿಪ್ಪಣಿಯಲ್ಲಿರುವ ‘ಸರ್ವತ್ರ’ ಎಂಬ ಮಾತು...”

“ಟಿಪ್ಪಣಿ ಯಾರದು?”

“ತಮ್ಮದೇ.”

“ಅದನ್ನು ಬರೆದಾಗ ನೀನು ಹುಟ್ಟಿದ್ದೆಯೋ?”

“ಇಲ್ಲ, ಸ್ವಾಮಿ. ಪಡೆ ಹುಟ್ಟಿತ್ತು.”

“ಆಧಾರ?”

“ಕಿಟ್ಟೆಲ್ಲರ 1894ರ ನಿಘಂಟು. ಅಲ್ಲದೆ ಊರಿನ ಮುದುಕಿಯರ ಮಾತನ್ನು ಕೇಳಿ ಬರೆದುಕೊಂಡೆ.”

“ಪಾಠಪಟ್ಟಿಯಲ್ಲಿ ಮುದುಕಿಯರಿಲ್ಲ!”

ಅಭ್ಯರ್ಥಿ ನಿರ್ಗಮಿಸಿದ ಬಳಿಕ, ಪ್ರಯಾಣಭತ್ಯದ ನಮೂನೆಯನ್ನು ಭರ್ತಿಮಾಡುವುದರಲ್ಲಿ ತಲ್ಲೀನರಾಗಿದ್ದ ಹೊರಗಿನ ಪರೀಕ್ಷಕರು (ಆ ದಿನ ಅಲ್ಲಿ ನಡೆದ ಏಕಮಾತ್ರ ದತ್ತಾಂಶಸಂಗ್ರಹ ಬಹುಶಃ ಅದೇ ಇರಬೇಕು) ತಲೆಯೆತ್ತಿದರು.

“ಸಂಶೋಧನೆಗೆ ಎಷ್ಟು?”

“ಗ್ರಂಥಾಲಯ ಬಿಟ್ಟು ಊರೂರು ಅಲೆದಿದ್ದಾನೆ. 6 ಸಾಕು.”

“ವಿಮರ್ಶೆಗೆ?”

“ಅವಿನಯಕ್ಕೆ ಅಂಕವುಂಟೆ?”

“ಬೆಳಗ್ಗೆ ಬಂದವನಿಗೆ ಪೂರ್ತಿ 20 ಇತ್ತಿದ್ದೀರಲ್ಲ?”

“ಅವನು ಟಿಪ್ಪಣಿಯನ್ನು ಅಚ್ಚಿನ ದೋಷಗಳ ಸಮೇತ ಒಪ್ಪಿಸಿದ.”

“ವಿಮರ್ಶಿಸಿದ್ದು ಏನನ್ನು?”

“ವಿಮರ್ಶೆಯ ಐದು ಲಕ್ಷಣಗಳನ್ನು, ಕ್ರಮ ತಪ್ಪದೆ.”