ಕಾಯಂ ರಾಯರು

ಬೆಳಗಿನ ವಾಕಿಂಗ್‌ನಲ್ಲಿ ಯಾರಾದರೂ ಎದುರಾಗಿ "ಇವತ್ತು ನಿಮ್ಮದೆಷ್ಟು ಸಾರ್?" ಅಂದರೆ ಅರವತ್ತು ದಾಟಿದವರು ಶುಗರ್ ಹೇಳುತ್ತಾರೆ, ಇಲ್ಲವೇ ಬಿಪಿ ಹೇಳುತ್ತಾರೆ. ನಮ್ಮ ಬಡಾವಣೆಯ ರಾಯರು ಕೇಳುತ್ತಿದ್ದದ್ದು ಅದಲ್ಲ. "ನಂದು ರಾತ್ರಿವರೆಗೂ ಸರಿ ಇತ್ತು. ಬೆಳಗ್ಗೆ ಕರೆಂಟ್ ಹೋಗಿ ಬಂತು ನೋಡಿ, ಪೂರ್ತಿ ಬದಲಾಗಿಬಿಟ್ಟಿದೆ" ಎಂದು ಅವರು ಒಂದು ದಿನ ಗಾಬರಿಯಿಂದ ಹೇಳಿದಾಗ, ಪಾರ್ಕಿನ ಬೆಂಚಿನ ಮೇಲಿದ್ದ ನಿವೃತ್ತ ಡಾಕ್ಟರು ಅವರ ಕೈ ಹಿಡಿದು ನಾಡಿ ನೋಡಿದರು. ನಾಡಿ ಸರಿಯಾಗಿಯೇ ಇತ್ತು. ಬದಲಾಗಿದ್ದದ್ದು ಮನೆಯ ಬ್ರಾಡ್‌ಬ್ಯಾಂಡಿನ ಐಪಿ ಅಡ್ರೆಸ್.

ರಾಯರಂಥವರು ಪ್ರತಿ ಬಡಾವಣೆಗೂ ಒಬ್ಬರು ಇದ್ದೇ ಇರುತ್ತಾರೆ. ಸರಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೆಲಸ ಕಾಯಂ, ಪಿಂಚಣಿ ಕಾಯಂ, ಉಳಿದದ್ದು ಎಫ್‌ಡಿಯಲ್ಲಿ ಭದ್ರ. ಲ್ಯಾಂಡ್‌ಲೈನ್ ಸತ್ತು ಎಷ್ಟೋ ವರ್ಷವಾದರೂ ಆ ನಂಬರನ್ನು ಮಗಳ ಮದುವೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು. ಮೇಲಿನ ಮಹಡಿಯ ಬಾಡಿಗೆ ಮನೆಯ ವಿಷಯಕ್ಕೆ ಬಂದರೆ ಮಾತ್ರ ಈ ಕಾಯಂ ಪ್ರೀತಿ ಮೆಟ್ಟಿಲ ಕೆಳಗೇ ನಿಂತುಬಿಡುತ್ತದೆ. ಅಲ್ಲಿ ಹನ್ನೊಂದು ತಿಂಗಳ ಕರಾರು, ಒಂದು ದಿನ ಹೆಚ್ಚಿಲ್ಲ. "ವರ್ಷಕ್ಕೆ ಬರೆದುಕೊಟ್ರೆ ರಿಜಿಸ್ಟರ್ ಮಾಡಿಸಬೇಕು. ಆಮೇಲೆ ಮನೆ ನಂದೇ ಅಂತ ಕೂತ್ಕೋತಾರೆ."

ಈಗ ಆ ಮನೆಯಲ್ಲಿರುವವನು ಶಿವಮೊಗ್ಗ ಕಡೆಯ ಸಾಫ್ಟ್‌ವೇರ್ ಹುಡುಗ. ಬ್ರಾಡ್‌ಬ್ಯಾಂಡ್ ಬಿಲ್ಲಿನ ಅರ್ಧ ಅವನು ಕೊಡಬೇಕು, ಅದರ ಅನುಮಾನಗಳನ್ನು ಪೂರ್ತಿ ಪರಿಹರಿಸಬೇಕು. ರಾಯರಿಗೆ ಐಪಿ ಅನ್ನುವ ವಸ್ತುವಿದೆ ಎಂದು ತಿಳಿದದ್ದೂ ಅವನಿಂದಲೇ. ಯಾವುದೋ ಕೆಟ್ಟ ಗಳಿಗೆಯಲ್ಲಿ ಬಾಯ್ತಪ್ಪಿ ಹೇಳಿದ್ದ, ಪಾಪ.

ರಾಯರ ಅಡುಗೆಮನೆಯಲ್ಲಿ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್ ತೂಗುತ್ತದೆ. ಅದರ ಚೌಕಗಳಲ್ಲಿ ಹಾಲಿನ ಲೆಕ್ಕ ಬರೆಯುವುದು ಅವರ ಮನೆಯವರ ರೂಢಿ. ಅದೇ ಚೌಕಗಳಲ್ಲಿ ರಾಯರು ಆಯಾ ದಿನದ ಐಪಿಯನ್ನೂ ಬರೆಯತೊಡಗಿದರು. ತಿಂಗಳ ಕೊನೆಯಲ್ಲಿ ಲೆಕ್ಕಕ್ಕೆ ಬಂದ ಹಾಲಿನವನು ಕ್ಯಾಲೆಂಡರ್ ನೋಡಿ, "ಅಮ್ಮಾ, ಮಂಗಳವಾರ ನೂರಾ ಮೂರು ಲೀಟರ್ ನಾನೆಲ್ಲಿ ಹಾಕ್ದೆ?" ಎಂದು ತಲೆ ಕೆರೆದುಕೊಂಡ. ಪ್ರಾಮಾಣಿಕ ಮನುಷ್ಯ.

ವಿಷಯ ಇಷ್ಟೇ. ಮನೆಯ ರೂಟರ್ ಆನ್ ಆದಾಗಲೆಲ್ಲ ಕಂಪನಿಯನ್ನು ಒಂದು ನಂಬರ್ ಕೇಳುತ್ತದೆ. ಖಾಲಿ ಇರುವುದರಲ್ಲಿ ಒಂದನ್ನು ಅವರು ಕೊಡುತ್ತಾರೆ, ಇಂತಿಷ್ಟು ಹೊತ್ತಿಗೆ ಎಂದು. ಮುಂದಿನ ಸಲ ಅದೇ ಸಿಗಬಹುದು, ಬೇರೆಯದೂ ಸಿಗಬಹುದು. ಸಿನಿಮಾ ನೋಡುವವರಿಗೆ, ಕರೆಂಟ್ ಬಿಲ್ ಕಟ್ಟುವವರಿಗೆ, ಮೊಮ್ಮಗನ ಜೊತೆ ವಿಡಿಯೋ ಕಾಲ್ ಮಾಡುವವರಿಗೆ ಇದರಿಂದ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹೊರಗಿನವರು ನಮ್ಮ ಮನೆಯೊಳಗಿನ ಯಂತ್ರವನ್ನೇ ಹುಡುಕಿಕೊಂಡು ಬರಬೇಕಾದಾಗ, ಅಥವಾ ಗೊತ್ತಿರುವ ನಂಬರಿನಿಂದ ಬಂದವರನ್ನು ಮಾತ್ರ ಒಳಗೆ ಬಿಡುವ ಆಫೀಸು ಎದುರಾದಾಗ ಮಾತ್ರ ಅದು ಒಂದೇ ಇರಬೇಕು. ರಾಯರ ಮನೆಗೆ ಹಾಲಿನವನನ್ನು ಬಿಟ್ಟರೆ ಹುಡುಕಿಕೊಂಡು ಬರುವವರು ಯಾರೂ ಇಲ್ಲ.

"ಎಲ್ಲರಿಗೂ ಒಂದೊಂದು ಕಾಯಂ ಕೊಟ್ರೆ ಇವರ ಗಂಟೇನು ಹೋಗುತ್ತೆ?" ಎಂದು ರಾಯರು ಕೇಳಿದರು.

ಹುಡುಗ ಲೆಕ್ಕ ಹೇಳಿದ. 1981ರಲ್ಲಿ ಈ ವ್ಯವಸ್ಥೆ ಗಟ್ಟಿಯಾದಾಗ ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ನಂಬರ್‌ಗಳು. ಅಷ್ಟು ಸಾಕು ಎಂದುಕೊಂಡರು. 2011ರ ಫೆಬ್ರವರಿಗೆ ಜಾಗತಿಕ ದಾಸ್ತಾನು ಮುಗಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ ಪೆಸಿಫಿಕ್ ವಲಯವೂ ತಳ ಮುಟ್ಟಿ, ಅಲ್ಲಿಂದ ಮುಂದೆ ಪಡಿತರದಂತೆ ಅಳೆದು ಕೊಡತೊಡಗಿದರು. ಮೊದಮೊದಲು ಮಾತ್ರ ಕೇಳಿದವರಿಗೆಲ್ಲ ಧಾರಾಳವಾಗಿ ಹಂಚಿದ್ದರು. ಅಮೆರಿಕದ ಫೋರ್ಡ್ ಮೋಟಾರ್ ಕಂಪನಿಗೆ ಸಿಕ್ಕಿದ್ದು ಸುಮಾರು 1.68 ಕೋಟಿ. ಎಂಐಟಿ ಅನ್ನುವ ಒಂದು ವಿದ್ಯಾಸಂಸ್ಥೆಗೂ ಅಷ್ಟೇ. ಅದು 2017ರಲ್ಲಿ ತನ್ನ ಪಾಲಿನ ಒಂದು ಭಾಗವನ್ನು ಮಾರಿಕೊಂಡಿತು.

ರಾಯರು ಎರಡು ನಿಮಿಷ ಮಾತಾಡಲಿಲ್ಲ. ಬಿಡಿಎ ಸೈಟಿಗೆ ಅರ್ಜಿ ಹಾಕಿ ಕಾದು ಕಾದು ನಿರಾಶರಾಗಿದ್ದ ಗಾಯ ಮತ್ತೆ ಕೆರೆದಂತಾಗಿತ್ತು. "ಅಂದ್ರೆ ಮೊದಲು ಬಂದವರು ಎಕರೆಗಟ್ಟಲೆ ಬೇಲಿ ಹಾಕ್ಕೊಂಡ್ರು. ನಾವು ಮಾತ್ರ ವಠಾರದಲ್ಲಿ ಬದುಕಬೇಕು, ಅಲ್ವೇನಯ್ಯಾ?"

ವಠಾರ ಅನ್ನುವುದು ಎಷ್ಟು ನಿಜ ಎಂದು ಗೊತ್ತಾದದ್ದು ಮರುದಿನ, ಕೇಬಲ್ ಆಫೀಸಿನ ಹುಡುಗ ಬಂದಾಗ. ಅವನು ರೂಟರಿನ ಪುಟ ತೆರೆದು ತೋರಿಸಿದ: ಕಂಪನಿ ಇವರಿಗೆ ಕೊಟ್ಟಿದ್ದ ನಂಬರು ನೂರರಿಂದ ಶುರುವಾಗುತ್ತಿತ್ತು. ರಾಯರು ಕ್ಯಾಲೆಂಡರಿನಲ್ಲಿ ಬರೆದಿದ್ದದ್ದು ನೂರಾ ಮೂರು. ಕಾರಣ, ನೂರು ಚುಕ್ಕೆ ಅರವತ್ತನಾಲ್ಕರಿಂದ ನೂರು ಚುಕ್ಕೆ ನೂರಾ ಇಪ್ಪತ್ತೇಳರವರೆಗಿನದನ್ನು 2012ರಲ್ಲಿ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಅದು ಹೊರಗೆ ನಡೆಯುವ ನಾಣ್ಯವಲ್ಲ. ಹೊರಗೆ ಕಾಣುವ ಆ ನೂರಾ ಮೂರರ ನಂಬರು ಒಂದೇ, ಅದರ ಹಿಂದೆ ಮನೆಗಳು ಹಲವು.

"ಹಲವು ಅಂದ್ರೆ ಯಾವ್ಯಾವುದು?"

"ಈ ಬೀದಿಯವರೆಲ್ಲ ಇರ್ತಾರೆ ಸಾರ್. ಎದುರು ಮನೆಯವರದ್ದೂ ನಮ್ಮ ಕನೆಕ್ಷನ್ನೇ."

ಎದುರು ಮನೆಯವರಿಗೂ ರಾಯರಿಗೂ ಮಾತು ನಿಂತು ವರ್ಷಗಳಾಗಿವೆ. ಗೇಟಿನ ಮುಂದೆ ಕಾರು ನಿಲ್ಲಿಸಿದ ವಿಷಯ. ಯಾವ ಮನೆಯವರ ಮುಖ ನೋಡಬಾರದೆಂದು ಇವರು ಬಾಗಿಲಿಗೆ ಪರದೆ ಹಾಕಿಸಿದ್ದರೋ, ಅದೇ ಮನೆಯವರೂ ತಾವೂ ಇಂಟರ್ನೆಟ್ಟಿನ ಕಣ್ಣಿಗೆ ಒಂದೇ ಸಂಸಾರ ಎಂದು ತಿಳಿದ ಮೇಲೆ ರಾಯರು ಊಟ ಮಾಡಲಿಲ್ಲ. ಸಂಜೆಯೇ ಸ್ಟ್ಯಾಟಿಕ್ ಐಪಿಗೆ, ಅಂದರೆ ಕಾಯಂ ನಂಬರಿಗೆ, ಅರ್ಜಿ ಗೀಚಿದರು.

ಮುಂದಿನ ಪೀಳಿಗೆಯ ಐಪಿ ಬಂದಿದೆ, ಅದರಲ್ಲಿ ಒಂದೊಂದು ಮನೆಗೂ ಎಣಿಸಲಾರದಷ್ಟು ನಂಬರ್ ಸಿಗುತ್ತದೆ, ನಿಮ್ಮ ಮೊಬೈಲಿಗೆ ಈಗಾಗಲೇ ಸಿಕ್ಕಿರಬಹುದು ಎಂದು ಮಹಡಿಯ ಹುಡುಗ ಕೊನೆಯ ಪ್ರಯತ್ನ ಮಾಡಿ ನೋಡಿದ. ರಾಯರು ತಿರಸ್ಕಾರದಿಂದ ಕೈ ಝಾಡಿಸಿದರು. "ಎಲ್ಲರಿಗೂ ಸಿಗೋದಾದ್ರೆ ಅದು ನನಗ್ಯಾಕಯ್ಯಾ?"

ಆಧಾರ್ ಪ್ರತಿ, ಫೋಟೋ, ವರ್ಷದ ಶುಲ್ಕ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಅರ್ಜಿಯಲ್ಲಿ 'ಉದ್ದೇಶ' ಎಂಬ ಅಂಕಣವಿತ್ತು. ರಾಯರು 'ಸ್ವಂತಕ್ಕೆ' ಎಂದು ಬರೆದರು. ಅದು ಸಾಲದೆಂದಾಗ, ಸಿಸಿಟಿವಿ ಕ್ಯಾಮೆರಾ ಎಂದು ಸೇರಿಸಿದರು. ಹಾಗೆ ಬರೆದ ತಪ್ಪಿಗೆ ಕ್ಯಾಮೆರಾ ಕೊಳ್ಳಬೇಕಾಯಿತು. ಈಗಿನ ಎಷ್ಟೋ ಕ್ಯಾಮೆರಾಗಳು ತಯಾರಕರ ಸರ್ವರ್ ಮೂಲಕವೇ ಮೊಬೈಲಿಗೆ ಚಿತ್ರ ಕಳಿಸುತ್ತವೆ, ಸ್ಥಿರ ವಿಳಾಸದ ಹಂಗೇ ಇಲ್ಲ ಎಂದು ಅಂಗಡಿಯವನು ಹೇಳಿದ. ರಾಯರು ಹಾಗಲ್ಲದ್ದನ್ನೇ ಆರಿಸಿ ತಂದರು.

ಕಾಯಂ ನಂಬರು ಬಂದ ದಿನ ಅವರು ಮಾಡಿದ ಮೊದಲ ಕೆಲಸ, ಅದನ್ನು ಬದಲಾಯಿಸಿ ಕೊಡಿ ಎಂದು ಫೋನ್ ಮಾಡಿದ್ದು. ಅಂಕಿಗಳನ್ನೆಲ್ಲ ಕೂಡಿದರೆ ಎಂಟು ಬರುತ್ತಿತ್ತಂತೆ, ಶನಿಯ ಸಂಖ್ಯೆ. ಕಸ್ಟಮರ್ ಕೇರ್‌ನ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ಸರ್, ಒಮ್ಮೆ ರೂಟರ್ ಆಫ್ ಮಾಡಿ ಆನ್ ಮಾಡ್ತೀರಾ?" ಅಂದಳು. ಕಡೆಗೆ ಕೇಬಲ್ ಆಫೀಸಿನವರನ್ನೇ ಹಿಡಿದು ಒಂಬತ್ತು ಬರುವ ನಂಬರು ತರಿಸಿಕೊಂಡು, ಗುರುವಾರ ರಾಹುಕಾಲ ಕಳೆದ ಮೇಲೆ ರೂಟರಿಗೆ ಅರಿಶಿನ ಕುಂಕುಮ ಹಚ್ಚಿದರು. ಕುಂಕುಮ ಗಾಳಿಯಾಡುವ ಕಿಂಡಿಗಳೊಳಕ್ಕೂ ಸ್ವಲ್ಪ ಹೋಯಿತು.

ಆಮೇಲೆ ಕೆಲವು ವಾರ ಬಡಾವಣೆಯಲ್ಲಿ ಅವರನ್ನು ತಡೆಯಲಾಗಲಿಲ್ಲ. ಸ್ಟ್ಯಾಟಿಕ್ ಹಾಕಿಸಿದ ಮೇಲೆ ಸ್ಪೀಡ್ ದುಪ್ಪಟ್ಟಾಗಿದೆ ಎಂದು ಕಂಡಕಂಡವರಿಗೆ ಹೇಳಿದರು. ಸ್ಪೀಡಿಗೂ ಇದಕ್ಕೂ ನಂಟಿಲ್ಲ. ಆದರೆ ಪಾರ್ಕಿನಲ್ಲಿ ಆ ಮಾತು ಆಡುವ ಧೈರ್ಯ ಯಾರಿಗಿದೆ? ನಂಬರನ್ನು ಗೇಟಿನ ಕಲ್ಲಿನ ಮೇಲೆ ಮನೆಯ ಹೆಸರಿನ ಕೆಳಗೆ ಕೆತ್ತಿಸಲು ಹೊರಟಿದ್ದರು. ಅಕ್ಷರಕ್ಕಿಷ್ಟು ಎಂದ ಕಲ್ಲುಕುಟಿಗ ಚುಕ್ಕೆಗೂ ಅಷ್ಟೇ ದರ ಹೇಳಿದ್ದರಿಂದ ಕೈಬಿಟ್ಟರು.

ಒಂದು ಭಾನುವಾರ ಹುಡುಗ ಕ್ಯಾಮೆರಾ ಪೆಟ್ಟಿಗೆಯ ದಾಖಲೆ ತೆರೆದು ನೋಡಿದ. ರಾತ್ರಿಯೆಲ್ಲ ಯಾವ್ಯಾವುದೋ ದೇಶದ ನಂಬರ್‌ಗಳು ಬಂದು ಬಾಗಿಲು ತಟ್ಟಿ ಹೋಗಿದ್ದವು. ಮೊದಲು ರಾಯರಿಗೆ ಹೆಮ್ಮೆಯೇ ಆಯಿತು. "ನೋಡಿ, ಹಾಲೆಂಡಿನಿಂದಲೂ ಬಂದಿದ್ದಾರೆ!" ಎಂದು ಮನೆಯವರನ್ನು ಕರೆದು ತೋರಿಸಿದರು. ಪಾಸ್‌ವರ್ಡ್ ಏನಿಟ್ಟಿದ್ದೀರಿ ಎಂದು ಕೇಳಿದಾಗ, ಫ್ಯಾಕ್ಟರಿಯಿಂದ ಬಂದದ್ದೇ, ಅಡ್ಮಿನ್, ಎಂದರು. "ಕಂಪನಿ ಹಾಕಿ ಕೊಟ್ಟಿದ್ದನ್ನ ನಾವ್ಯಾಕೆ ಬದಲಾಯಿಸಬೇಕು?"

ಹುಡುಗ ತಲೆಗೆ ಕೈ ಹಚ್ಚಿ 2016ರ ಕಥೆ ಹೇಳಿದ. ಮಿರಾಯ್ ಎಂಬ ಕುತಂತ್ರಾಂಶ ಹೀಗೆ ಫ್ಯಾಕ್ಟರಿ ಪಾಸ್‌ವರ್ಡ್ ಇದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಲಕ್ಷಗಟ್ಟಲೆ ವಶ ಮಾಡಿಕೊಂಡಿತು. ಆ ಅಕ್ಟೋಬರಿನಲ್ಲಿ ಡಿನ್ ಎಂಬ ಕಂಪನಿಯ ಮೇಲೆ ಅಂಥ ಯಂತ್ರಗಳನ್ನು ಛೂ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಎಷ್ಟೋ ಜನರಿಗೆ ಗಂಟೆಗಟ್ಟಲೆ ಸಿಗದಂತಾದವು. ತಮಾಷೆಯೆಂದರೆ ಆ ಡಿನ್ ಹೆಸರು ಮಾಡಿದ್ದು, ದಿನಕ್ಕೊಂದು ಐಪಿ ಬರುವ ಮನೆಗಳಿಗೂ ಬದಲಾಗದ ಒಂದು ಹೆಸರು ಕಟ್ಟಿಕೊಡುವ ಸೇವೆಯಿಂದ. ಹಣ ಸುರಿಯದೆ ರಾಯರ ಕೆಲಸ ಆಗುತ್ತಿದ್ದ ಉಪಾಯವೂ ಅಂಥದ್ದೇ, ಮೊದಲು ಆ ವಠಾರದಿಂದ ಹೊರಬಿದ್ದಿದ್ದರೆ.

"ನೋಡಿದ್ಯಾ," ಅಂದರು ರಾಯರು, "ಕಾಯಂ ವಿಳಾಸ ಇಲ್ಲದವರ ಸಹವಾಸ ಮಾಡಿದ್ರೆ ಹೀಗೇ ಆಗೋದು."

ಪಾಸ್‌ವರ್ಡನ್ನೇನೋ ಬದಲಾಯಿಸಿದರು. ಮರೆತುಹೋಗಬಾರದೆಂದು ಚೀಟಿಯಲ್ಲಿ ಬರೆದು ಕ್ಯಾಮೆರಾದ ಕೆಳಗೇ ಅಂಟಿಸಿದರು.

ವರ್ಷ ತುಂಬುವ ಮೊದಲೇ ಕೇಬಲ್ ಆಫೀಸಿನವನು ಬೇರೊಂದು ಬ್ರಾಡ್‌ಬ್ಯಾಂಡ್ ಕಂಪನಿಯ ಜೊತೆ ಸೇರಿಕೊಂಡ. ತಂತಿ ಅದೇ, ಕಂಬ ಅದೇ, ಬರುವ ಹುಡುಗನೂ ಅವನೇ. ಒಂದು ಬೆಳಗ್ಗೆ ರಾಯರು ನೋಡಿದರೆ ಒಂಬತ್ತರ ನಂಬರು ಮಾಯ. ಏದುಸಿರು ಬಿಡುತ್ತ ಮಹಡಿ ಹತ್ತಿದರು. ನಾನೂ ಅಲ್ಲಿಯೇ ಇದ್ದೆ, ಹುಡುಗ ಮಾಡಿಕೊಟ್ಟ ಕಾಫಿ ಕುಡಿಯುತ್ತಿದ್ದೆ.

"ಏನಯ್ಯಾ ಇದು? ದುಡ್ಡು ಕೊಟ್ಟು ತಗೊಂಡಿದ್ದು ನಂದಲ್ವಾ?"

"ಅಲ್ಲ ಸರ್. ನಂಬರು ಹಳೇ ಕಂಪನಿಯದು. ನೀವು ಕಟ್ಟಿದ್ದು ಬಾಡಿಗೆ. ಕಂಪನಿ ಬಿಟ್ಟರೆ ನಂಬರನ್ನೂ ಬಿಡಬೇಕು."

"ಮತ್ತೆ ಕಾಯಂ ಅಂದ್ರಲ್ಲ!"

"ಕಾಯಮ್ಮೇ ಸರ್. ನಿಮಗೆ ಹನ್ನೆರಡು ತಿಂಗಳು ಬರೆದುಕೊಟ್ಟಿದ್ರು, ನನಗೆ ಹನ್ನೊಂದು."

ರಾಯರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ದನಿ ತಗ್ಗಿಸಿ, "ಉಳಿದ ತಿಂಗಳ ದುಡ್ಡಾದ್ರೂ ವಾಪಸ್ ಕೊಡ್ತಾರೇನಪ್ಪಾ?" ಎಂದು ಕೇಳಿದರು.

"ಕೊಡ್ತಾರೆ ಸರ್," ಅಂದ ಹುಡುಗ, "ಪೇಂಟಿಂಗ್ ಖರ್ಚು ಹಿಡ್ಕೊಂಡು."